ಕಂಪ್ಯೂಟರ್ ಮುಂದೆ ಕುಳಿತವರ ಕಣ್ಣುರಿ

ಕಳೆದ ಮಾರ್ಚ್ ಕೊನೆಯಲ್ಲಿ ನಮ್ಮ ಕಚೇರಿಯ ಗುಮಾಸ್ತರು ಕಂಪ್ಯೂಟರ್ ಪರದೆಯಲ್ಲಿ 6ನ್ನು 8 ಎಂದು ಓದಿ, ಸದಸ್ಯರೊಬ್ಬರ ಅಡಿಕೆಯ ತೂಕವನ್ನೇ ತಪ್ಪಾಗಿ ಖಾತೆಗೆ ಹಾಕಿದರು. ತಪ್ಪು ಅಂದೇ ಸಿಕ್ಕಿತು. ಆದರೆ ಅವರ ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿದ್ದುದನ್ನು ನಾವು ಅದುವರೆಗೆ ಗಮನಿಸಿಯೇ ಇರಲಿಲ್ಲ. ಮನೆಯಲ್ಲಿ ತೋಟದ ಲೆಕ್ಕ ಬರೆಯುವ ಬೆಳೆಗಾರ ಬಾಂಧವರಿಗೂ ಈ ಕಷ್ಟ ಹೊಸತಲ್ಲ.

ನಾವು ಸಾಧಾರಣವಾಗಿ ನಿಮಿಷಕ್ಕೆ 15 ಸಲವಾದರೂ ರೆಪ್ಪೆ ಬಡಿಯುತ್ತೇವೆ. ಪರದೆ ದಿಟ್ಟಿಸುವಾಗ ಅದು ಅರ್ಧಕ್ಕೂ ಇಳಿದು ಕಣ್ಣು ಒಣಗುತ್ತದೆ. ಹತ್ತಿರದ್ದನ್ನೇ ನೋಡುತ್ತಿದ್ದರೆ ಕಣ್ಣೊಳಗಿನ ಸ್ನಾಯುವೂ ಸಡಿಲಗೊಳ್ಳದು. ದಿನವಿಡೀ ದೋಟಿ ಎತ್ತಿ ಹಿಡಿದ ತೋಳಿನ ಗತಿ ಅದಕ್ಕೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರಕ್ಕೆ 20 ಸೆಕೆಂಡು ನೋಡಿ ಎನ್ನುತ್ತಾರೆ ಕಣ್ಣಿನ ವೈದ್ಯರು. 9 ಅಡಿ ಅಂತರದ ಅಡಿಕೆ ತೋಟದಲ್ಲಿ ಎರಡು ಸಾಲು ದಾಟಿ ತುಸು ಮುಂದೆ, ಅಷ್ಟೇ.

ಕಿಟಕಿಗೆ ಬೆನ್ನು ಹಾಕಿದ್ದ ಮೇಜನ್ನು ಅಡ್ಡಕ್ಕೆ ತಿರುಗಿಸಿದೆವು, ಪರದೆಯ ಮೇಲಿನ ಹೊಳಪು ಹೋಯಿತು. ಫ್ಯಾನಿನ ಗಾಳಿ ಮುಖಕ್ಕೆ ಬಡಿಯದಂತೆ ಮಾಡಿದೆವು. ನೀಲಿ ಬೆಳಕು ತಡೆಯುವ ಕನ್ನಡಕಕ್ಕೂ ದುಡ್ಡು ಸುರಿದೆವು, ಅದು ದಂಡ. 17 ಪ್ರಯೋಗಗಳನ್ನು ತಾಳೆ ನೋಡಿದ 2023ರ ಕಾಕ್ರೇನ್ ಪರಿಶೀಲನೆಗೂ ಅಂಥ ಕನ್ನಡಕದಿಂದ ಕಣ್ಣಿನ ಆಯಾಸ ತಗ್ಗುವಂತೆ ತೋರಲಿಲ್ಲ.

ನಮ್ಮ ಗುಮಾಸ್ತರ ನಿಜವಾದ ತೊಂದರೆ ಚಾಳೀಸು. ಅವರ ಕನ್ನಡಕ ಪತ್ರಿಕೆ ಓದುವ ದೂರಕ್ಕೆ ಮಾಡಿಸಿದ್ದು. ಪರದೆಯೋ ತೋಳಿನಷ್ಟು ದೂರ. ನಲವತ್ತು ದಾಟಿದವರು ವೈದ್ಯರಲ್ಲಿಗೆ ಹೊರಡುವ ಮುನ್ನ ಕಣ್ಣಿನಿಂದ ಪರದೆಗೆ ಎಷ್ಟು ಇಂಚು ಎಂದು ಅಳೆದು, ಚೀಟಿಯಲ್ಲಿ ಬರೆದುಕೊಂಡು ಹೋಗಿರಿ.