ಬ್ರೇಕ್ ಕಿತ್ತಿದ್ದೇಕೆ, ಸೀಟು ಇಳಿಸಿದ್ದೇಕೆ?

ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಎಷ್ಟೋ ಸಲ ಬ್ರೇಕೂ ಇಲ್ಲ. ಸೀಟು ನೋಡಿದರೆ ಇನ್ನೇನು ಟಯರಿಗೆ ತಾಗಬೇಕು. ಬಿಎಂಎಕ್ಸ್ ಸೈಕಲ್ಲನ್ನು ಮೊದಲ ಸಲ ಕಂಡ ಹಿರಿಯರು ‘ಇದರಲ್ಲಿ ಉಳಿದಿರೋದಾದರೂ ಏನಪ್ಪಾ?’ ಎಂದರೆ ಅಚ್ಚರಿಯಿಲ್ಲ. ಅದರ ಮೇಲೆ ನೇರಳೆ ರಿಮ್ಮು, ಎಣ್ಣೆ ಬಿದ್ದ ನೀರಿನಂತೆ ಬಣ್ಣ ಬಣ್ಣವಾಗಿ ಹೊಳೆಯುವ ಹ್ಯಾಂಡಲ್ಲು, ಗೋಡೆಗೆ ಒರಗಿಸಿ ನಾಲ್ಕೂ ಕಡೆಯಿಂದ ಫೋಟೊ ತೆಗೆಯುವ ಸಂಭ್ರಮ ಬೇರೆ. ಬರೀ ಶೋಕಿ ಎಂದುಬಿಡುವುದು ಸುಲಭ. ಆದರೆ ಈ ಸೈಕಲ್ಲುಗಳಲ್ಲಿ ಕಿತ್ತುಹಾಕಿದ, ಬದಲಿಸಿದ ಹೆಚ್ಚಿನ ಭಾಗಗಳ ಹಿಂದೆ, ಬಿದ್ದು ಏಟು ತಿಂದ ಅನುಭವ ಇರುತ್ತದೆ.

ತಪ್ಪು ಕಲ್ಪನೆ: ಚಕ್ರ ಚಿಕ್ಕದು, ಹಾಗಾಗಿ ಇದು ಮಕ್ಕಳ ಸೈಕಲ್ಲು.

ಶುರುವಾಗಿದ್ದು ಮಕ್ಕಳಿಂದಲೇ, ನಿಜ. ಅಮೆರಿಕದ ಶ್ವಿನ್ ಕಂಪನಿ 1963ರಲ್ಲಿ ತಂದ ಸ್ಟಿಂಗ್-ರೇ ಎಂಬ 20 ಇಂಚಿನ ಸೈಕಲ್ಲು ಹತ್ತಿ, 1970ರ ಆಸುಪಾಸಿನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯದ ಹುಡುಗರು ಮೋಟೊಕ್ರಾಸ್ ಬೈಕ್ ಸವಾರರ ಹಾಗೆ ಮಣ್ಣಿನ ದಿಬ್ಬ ಹಾರತೊಡಗಿದರು. ಆ ಹುಡುಗರ ಆಟ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ರೇಸಾಗಿ, ಟೋಕಿಯೊದಲ್ಲಿ ಫ್ರೀಸ್ಟೈಲ್ ಕಸರತ್ತಾಗಿ ಪದಕದ ಪಟ್ಟಿಗೆ ಸೇರಿತು. ಟೋಕಿಯೊದಲ್ಲಿ ಚಿನ್ನ ಗೆದ್ದ ಆಸ್ಟ್ರೇಲಿಯದ ಲೋಗನ್ ಮಾರ್ಟಿನ್, ಬ್ರಿಟನ್ನಿನ ಶಾರ್ಲಟ್ ವರ್ದಿಂಗ್ಟನ್ ಇಬ್ಬರೂ 20 ದಾಟಿದವರು. ಸವಾರ ಬೆಳೆದರೂ ಚಕ್ರ ಮಾತ್ರ 20 ಇಂಚಿನಲ್ಲೇ ನಿಂತಿದೆ. ಕಡ್ಡಿಗಳು ಗಿಡ್ಡವಾದಷ್ಟೂ ಚಕ್ರ ಗಟ್ಟಿ, ಗಾಳಿಯಲ್ಲಿ ತಿರುಗಿಸುವುದೂ ಸಲೀಸು. ಆಳಿಗೆ ತಕ್ಕ ಅಳತೆ ಇರುವುದು ಫ್ರೇಮಿನ ಮೇಲಿನ ಪೈಪಿನಲ್ಲಿ; ದೊಡ್ಡವರಿಗೆ ಸಾಮಾನ್ಯವಾಗಿ 20.5ರಿಂದ 21 ಇಂಚು.

ತಪ್ಪು ಕಲ್ಪನೆ: ಸೀಟು ಇಷ್ಟು ಕೆಳಗಿದ್ದರೆ ಮೊಣಕಾಲು ಹಾಳು.

ಕೂತು ತುಳಿದರೆ ಹಾಳೇ. ಆದರೆ ಇದರ ಮೇಲೆ ಯಾರೂ ಕೂರುವುದಿಲ್ಲ. ನಿಂತೇ ಸವಾರಿ. ಸೀಟು ಇರುವುದು ಗಾಳಿಯಲ್ಲಿ ಮೊಣಕಾಲಿನ ಮಧ್ಯೆ ಸೈಕಲ್ಲನ್ನು ಒತ್ತಿ ಹಿಡಿಯಲು.

ತಪ್ಪು ಕಲ್ಪನೆ: ಬ್ರೇಕ್ ತೆಗೆಸುವುದು ಹುಡುಗಾಟದ ಧಿಮಾಕು.

ಹಾರಿದಾಗ ಹ್ಯಾಂಡಲ್ಲನ್ನು ಕೈಬಿಟ್ಟು ಪೂರ್ತಿ ಒಂದು ಸುತ್ತು ತಿರುಗಿಸಿ ಮತ್ತೆ ಹಿಡಿಯುವ ಕಸರತ್ತಿಗೆ ಬಾರ್‌ಸ್ಪಿನ್ ಎನ್ನುತ್ತಾರೆ. ಬ್ರೇಕಿನ ಕೇಬಲ್ ಇದ್ದರೆ ಅದು ಆ ಸುತ್ತಿನ ಜೊತೆ ಫ್ರೇಮಿನ ಕುತ್ತಿಗೆಗೆ ಸುತ್ತಿಕೊಂಡು ಹ್ಯಾಂಡಲ್ಲನ್ನು ಅರ್ಧದಲ್ಲೇ ಹಿಡಿದುಬಿಡುತ್ತದೆ. ಇದಕ್ಕೆ 1980ರ ದಶಕದಲ್ಲಿ ಗೈರೊ ಎಂಬ ಉಪಾಯ ಬಂತು. ಹ್ಯಾಂಡಲ್ಲಿನ ಬುಡದಲ್ಲಿ ಒಂದರ ಮೇಲೊಂದು ಎರಡು ಬಿಲ್ಲೆ, ನಡುವೆ ಬೇರಿಂಗು. ಮೇಲಿನ ಕೇಬಲ್‌ಗಳು ಹ್ಯಾಂಡಲ್ಲಿನ ಜೊತೆ ತಿರುಗುತ್ತವೆ, ಕೆಳಗಿನವು ಇದ್ದಲ್ಲೇ ಇರುತ್ತವೆ. ಲಿವರ್ ಅದುಮಿದರೆ ಬಿಲ್ಲೆಗಳು ಒಟ್ಟಿಗೆ ಮೇಲೆದ್ದು ಹಿಂದಿನ ಬ್ರೇಕನ್ನು ಎಳೆಯುತ್ತವೆ. ಜಾಣ ಕೆಲಸ. ಆದರೆ ಬಿಲ್ಲೆ ಕೂದಲೆಳೆಯಷ್ಟು ವಾರೆಯಾದರೂ ಬ್ರೇಕು ಮಿದುವಾಗಿಬಿಡುತ್ತದೆ. ಅದನ್ನು ಸಮ ಮಾಡಲು ಕೂತವರ ತಾಳ್ಮೆ ದೇವರಿಗೇ ಪ್ರೀತಿ. ಕಟ್ಟೆ, ಕಂಬಿಗಳ ಮೇಲೆ ಕಸರತ್ತು ಮಾಡುವ ಬೀದಿ ಶೈಲಿಯ ಅನೇಕರು ಈ ರಗಳೆಯೇ ಬೇಡವೆಂದು ಬ್ರೇಕನ್ನೇ ಕಳಚಿಟ್ಟರು. ನಿಲ್ಲಬೇಕಾದಾಗ ಶೂಗಳ ಅಡಿಯನ್ನು ಹಿಂದಿನ ಟಯರಿಗೆ ಒತ್ತುತ್ತಾರೆ.

ಇದೇನೂ ಎಲ್ಲರಿಗೂ ಒಪ್ಪಿತವಾದ ಪದ್ಧತಿಯಲ್ಲ. ಬಿಎಂಎಕ್ಸ್ ರೇಸಿನಲ್ಲಿ ಹಿಂದಿನ ಬ್ರೇಕು ಕಡ್ಡಾಯ. ಕಸರತ್ತಿನ ಅಭ್ಯಾಸವನ್ನು ರಸ್ತೆಗೆ ತಂದು, ಬ್ರೇಕಿಲ್ಲದ ಸೈಕಲ್ಲಿನಲ್ಲಿ ಸಿಟಿ ಬಸ್ಸುಗಳ ಸಂದಿಯಲ್ಲಿ ನುಗ್ಗುವ ನಮ್ಮೂರಿನ ಹುಡುಗರ ಪರ ವಾದಿಸಲು ನನ್ನಲ್ಲಿ ಒಂದು ಮಾತೂ ಇಲ್ಲ.

ತಪ್ಪು ಕಲ್ಪನೆ: ಪೆಡಲಿನ ಹಲ್ಲುಚಕ್ರ ಚಿಕ್ಕದು ಮಾಡಿದ್ದು ಸ್ಟೈಲಿಗೆ, ಅದರಿಂದ ವೇಗ ಸಾಯುತ್ತದೆ.

ಲೆಕ್ಕ ಹಾಕಿ. ಮೊದಲೆಲ್ಲ ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 16: ಪೆಡಲು ಒಂದು ಸುತ್ತು ಹೋದರೆ ಹಿಂದಿನ ಗಾಲಿ 2.75 ಸುತ್ತು. ಈಗ 25ಕ್ಕೆ 9: ಸುಮಾರು 2.78. ವೇಗ ಎಲ್ಲೂ ಹೋಗಲಿಲ್ಲ. ಹೋಗಿದ್ದು, ಕಟ್ಟೆಯ ಅಂಚಿಗೆ ತಾಗಿ ಬಾಗುತ್ತಿದ್ದ ಆ ದೊಡ್ಡ ತಟ್ಟೆ. ಜೊತೆಗೆ ಒಂದಷ್ಟು ಚೈನೂ ಉಳಿಯಿತು, ತೂಕವೂ ಇಳಿಯಿತು.

ತಪ್ಪು ಕಲ್ಪನೆ: ಆಕ್ಸಲಿನ ಪೈಪು ಇರುವುದು ಡಬಲ್ಸ್ ಹೊಡೆಯಲು.

ಗೆಳೆಯನನ್ನು ನಿಲ್ಲಿಸಿಕೊಂಡು ಹೋಗುವವರು ಇದ್ದಾರೆ, ಆದರೆ ಪೆಗ್ ಎಂಬ ಆ ಗಿಡ್ಡ ಪೈಪಿನ ಕಸುಬು ಕಂಬಿ ಮತ್ತು ಕಟ್ಟೆಯ ಮೇಲೆ ಜಾರುವುದು. ಒಂದೇ ಬದಿಗೆ ಪೆಗ್ ಹಾಕಿದ ಸೈಕಲ್ಲು ಅರೆಬರೆ ಕೆಲಸವಲ್ಲ, ಅದು ಸವಾರ ಯಾವ ಬದಿಗೆ ಜಾರುತ್ತಾನೆ ಎಂಬುದರ ಗುರುತು. ಬಲಕ್ಕೆ ಜಾರುವವರಲ್ಲಿ ಕೆಲವರು ಚೈನನ್ನೇ ಎಡಕ್ಕೆ ದಾಟಿಸುತ್ತಾರೆ, ಕಂಬಿಗೆ ಸಿಕ್ಕಿ ನುಜ್ಜಾಗದಿರಲಿ ಎಂದು. ಪೆಗ್ಗಿನ ಮೇಲಿನ ಪ್ಲಾಸ್ಟಿಕ್ ಕವಚ ಸವೆದು ಒಂದು ಕಡೆ ಚಪ್ಪಟೆಯಾಗಿದ್ದರೆ ತಿಳಿಯಿರಿ, ಆ ಸೈಕಲ್ಲು ಫೋಟೊಗೆ ನಿಂತಿದ್ದಷ್ಟೇ ಅಲ್ಲ.

ತಪ್ಪು ಕಲ್ಪನೆ: ಫ್ರೀರೈಡ್ ಎಂದರೆ ದೊಡ್ಡ ಚಕ್ರದ ಬಿಎಂಎಕ್ಸ್, ಸಸ್ಪೆನ್ಷನ್ ಮೆತ್ತಗಿದ್ದಷ್ಟೂ ಒಳ್ಳೆಯದು.

ಇದು ಬೇರೆ ಮನೆತನ, ಬೆಟ್ಟದ ಸೈಕಲ್ಲುಗಳದ್ದು. ಕೆನಡಾದ ವ್ಯಾಂಕೂವರ್ ಪಕ್ಕದ ನಾರ್ತ್ ಶೋರ್ ಬೆಟ್ಟಗಳ ಒದ್ದೆ ಕಾಡಿನಲ್ಲಿ ಬಿದ್ದ ಮರ, ಬಂಡೆ, ಕೆಸರು ದಾಟಲು ಸವಾರರು ಹಲಗೆ ಬಡಿದು ಸೇತುವೆ ಕಟ್ಟಿದರು. 1990ರ ದಶಕದಲ್ಲಿ ಆ ಸೇತುವೆಗಳೇ ಆಟವಾದವು. 2001ರಲ್ಲಿ ಅಮೆರಿಕದ ಯೂಟಾದ ಕೆಂಪು ಬಂಡೆಗಳ ಮೇಲೆ ರೆಡ್ ಬುಲ್ ರ‍್ಯಾಂಪೇಜ್ ಶುರುವಾಯಿತು. ಆ ಸ್ಪರ್ಧೆಯ ಮೊದಲ ಗೆಲುವು ಅದೇ ಕೆನಡಾದ ವೇಡ್ ಸಿಮನ್ಸ್‌ಗೆ. ಅಲ್ಲಿ ಮಹಿಳೆಯರಿಗೆ ಸ್ಪರ್ಧೆ ಏರ್ಪಟ್ಟಿದ್ದು 2024ರಲ್ಲಿ. ಗೆದ್ದವರು ನ್ಯೂಜಿಲೆಂಡಿನ ರಾಬಿನ್ ಗೂಮ್ಸ್. ಇಷ್ಟು ತಡ ಯಾಕಾಯಿತು ಎಂದು ಆಯೋಜಕರನ್ನು ಕೇಳಲೇಬೇಕು.

ಇನ್ನು ಸಸ್ಪೆನ್ಷನ್. ಸವಾರ ಸೈಕಲ್ ಮೇಲೆ ಸುಮ್ಮನೆ ನಿಂತಾಗ ಅದು ಎಷ್ಟು ಇಳಿಯುತ್ತದೆ ಎಂಬುದೇ ಮೊದಲ ಅಳತೆ. ಫೋರ್ಕಿನ ಕಾಲಿಗೆ ಸಣ್ಣ ರಬ್ಬರ್ ಬಳೆ ಇರುತ್ತದೆ. ಅದನ್ನು ಕೆಳಗೆ ತಳ್ಳಿ, ಸೈಕಲ್ ಹತ್ತಿ, ಮೆಲ್ಲಗೆ ಇಳಿದು, ಬಳೆ ಎಲ್ಲಿಗೆ ಸರಿದಿದೆ ಎಂದು ಸ್ಕೇಲಿಟ್ಟು ನೋಡುತ್ತಾರೆ. ಇಳಿಜಾರಿನ ರೇಸಿನವರು ಅದು ಒಟ್ಟು ಇಳಿಯಬಹುದಾದ ಅಳತೆಯ ಕಾಲುಭಾಗ ಅಥವಾ ತುಸು ಹೆಚ್ಚು ಇಳಿಯಲು ಬಿಟ್ಟರೆ, ಹಾರುವವರು ಅದಕ್ಕಿಂತ ಬಿಗಿಯಾಗಿಡುತ್ತಾರೆ. ಮೆತ್ತಗಿದ್ದರೆ ಹಾರುವ ಅಂಚಿನಲ್ಲಿ ಸವಾರ ಒತ್ತಿದ ಬಲವನ್ನೆಲ್ಲ ಸ್ಪ್ರಿಂಗೇ ನುಂಗುತ್ತದೆ, ನೆಲಕ್ಕಿಳಿದಾಗ ಫೋರ್ಕು ತಳ ಮುಟ್ಟಿ ಧಡ್ ಎನ್ನುತ್ತದೆ.

ತಪ್ಪು ಕಲ್ಪನೆ: ಹಗುರವಿದ್ದಷ್ಟೂ, ದುಬಾರಿಯಿದ್ದಷ್ಟೂ ಮೇಲು.

ಒಳ್ಳೆಯ ಬಿಎಂಎಕ್ಸ್ ಫ್ರೇಮು ಇವತ್ತಿಗೂ ಬಹುಪಾಲು ಉಕ್ಕಿನದೇ, 4130 ಕ್ರೋಮೊಲಿ. ಈ ಉಕ್ಕು ಮುರಿಯುವ ಮುನ್ನ ಸಾಮಾನ್ಯವಾಗಿ ಬಾಗಿ ಸುಳಿವು ಕೊಡುತ್ತದೆ. ಎತ್ತರದ ಹಾರಾಟಕ್ಕೆ ಹೆಸರಾದ ಮ್ಯಾಟ್ ಹಾಫ್‌ಮನ್ ತನ್ನ ಏಟು ತಾಳುವ ಫ್ರೇಮು ಸಿಗದೆ, ತಾನೇ ಕಂಪನಿ ಕಟ್ಟಿ ಮಾಡಿಸಿಕೊಂಡ.

ತಪ್ಪು ಕಲ್ಪನೆ: ಹಾಗಾದರೆ ಎಲ್ಲದಕ್ಕೂ ಕಾರಣ ಇದೆ, ಶೋಕಿ ಎಂಬುದೇ ಇಲ್ಲ.

ಇದೆ, ಧಾರಾಳವಾಗಿದೆ. ನೇರಳೆ ರಿಮ್ಮು ಕಪ್ಪು ರಿಮ್ಮಿಗಿಂತ ಚೂರೂ ಗಟ್ಟಿಯಲ್ಲ. ಬಣ್ಣದ ಟಯರು, ಹೊಂದಿಸಿದ ಹಿಡಿಕೆ, ಅಂಟಿಸಿದ ಸ್ಟಿಕ್ಕರು ಎಲ್ಲ ಕಣ್ಣಿಗೆ ಬೀಳಲೆಂದೇ. ಆಯುಧ ಪೂಜೆಯ ದಿನ ಸೈಕಲ್ಲಿಗೆ ಬಾಳೆಕಂದು ಕಟ್ಟುವ ನಾವು ಅದಕ್ಕೆ ಮೂಗು ಮುರಿಯಬಾರದು. ಫ್ರೀಸ್ಟೈಲಿನ ಪಿತಾಮಹ ಎನಿಸಿದ ಬಾಬ್ ಹಾರೊ 1970ರ ದಶಕದಲ್ಲಿ ವ್ಯಾಪಾರ ಶುರು ಮಾಡಿದ್ದೂ ಅಂದದಿಂದಲೇ: ರೇಸಿನ ಹುಡುಗರ ಹ್ಯಾಂಡಲ್ಲಿಗೆ ಕಟ್ಟುವ ಚೆಂದದ ನಂಬರ್ ಪ್ಲೇಟು ಮಾಡಿ ಮಾರುತ್ತಿದ್ದ. ಆ ಪ್ಲೇಟಿನ ಕಂಪನಿಯೇ ಮುಂದೆ 1982ರಲ್ಲಿ, ಕಸರತ್ತಿಗೆಂದೇ ರೂಪಿಸಿದ ಫ್ರೀಸ್ಟೈಲರ್ ಎಂಬ ಫ್ರೇಮನ್ನು ಮಾರುಕಟ್ಟೆಗೆ ತಂದಿತು.