‘ಮಾರ್ಚಿಂಗ್ ಆರ್ಡರ್ಸ್’ ಮತ್ತು ನಮ್ಮ ಎತ್ತಂಗಡಿ

ತುಮಕೂರಿನ ಮರಳೂರಿನಲ್ಲಿ ಪಾಠ ಹೇಳುವ ಸ್ನೇಹಿತರೊಬ್ಬರು ಈಚೆಗೆ ವಿದ್ಯಾರ್ಥಿಯೊಬ್ಬನ ಅನುವಾದವನ್ನು ತೋರಿಸಿದರು. ಅಧಿಕಾರಿಯೊಬ್ಬರಿಗೆ ‘ಮಾರ್ಚಿಂಗ್ ಆರ್ಡರ್ಸ್’ ದೊರೆಯಿತೆಂಬ ಇಂಗ್ಲಿಷ್ ವಾಕ್ಯವನ್ನು ಆ ಹುಡುಗ, ‘ಅಧಿಕಾರಿಗಳಿಗೆ ಕವಾಯತು ಮಾಡುವಂತೆ ಅಪ್ಪಣೆಯಾಯಿತು’ ಎಂದು ಬರೆದಿದ್ದ. ನಗು ಬಂದುದೇನೋ ನಿಜ. ಆದರೆ ಸರಿಯಾದ ಕನ್ನಡ ಯಾವುದೆಂದು ಯೋಚಿಸಹೊರಟಾಗ ನಾವಿಬ್ಬರೂ ತಡವರಿಸಿದೆವು.

ಈ ನುಡಿಗಟ್ಟು ದಂಡಿನಿಂದ ಬಂದುದು. ಪಾಳೆಯ ಕಿತ್ತು ಇಂಥ ಕಡೆಗೆ ಹೊರಡಿರೆಂದು ಪಡೆಗೆ ಕೊಡುವ ಆಜ್ಞೆಯೇ ಇದರ ಮೂಲಾರ್ಥ. ಅಮೆರಿಕದವರು ಇದನ್ನು ಮೇಲಿನವರ ಕಟ್ಟಪ್ಪಣೆಯೆಂಬ ಅರ್ಥದಲ್ಲಿ ಹೆಚ್ಚಾಗಿ ಬಳಸುತ್ತಾರೆ. ಇಂಗ್ಲೆಂಡಿನಲ್ಲಾದರೋ ಇದನ್ನು ಪಡೆದವನು ಸಾಮಾನ್ಯವಾಗಿ ಕೆಲಸ ಕಳೆದುಕೊಂಡವನು; ಕಾಲ್ಚೆಂಡಾಟದಲ್ಲಿ ಕೆಂಪು ಚೀಟಿ ಕಂಡು ಹೊರನಡೆದ ಆಟಗಾರನಿಗೂ ಇದೇ ಮಾತು.

ನಮ್ಮಲ್ಲಿ ಇದಕ್ಕೆ ಸಮೀಪದ ಮಾತುಗಳಿಗೆ ಬರವಿಲ್ಲ. ‘ಅರ್ಧಚಂದ್ರ ಪ್ರಯೋಗ’ವಿದೆ. ಕತ್ತಿಗೆ ಕೈಯಿಟ್ಟು ಹೊರದಬ್ಬುವಾಗ ಹೆಬ್ಬೆರಳೂ ತೋರುಬೆರಳೂ ಬಾಗಿ ನಿಲ್ಲುವ ಆಕಾರವನ್ನು ಚಂದ್ರನಿಗೆ ಹೋಲಿಸಿದ ರಸಿಕತೆ ಇಂಗ್ಲಿಷ್ ಮಾತಿನಲ್ಲಿಲ್ಲವೆಂದೇ ನನ್ನ ಅಭಿಪ್ರಾಯ. ‘ಗಂಟುಮೂಟೆ ಕಟ್ಟಿಸು’ ಎಂಬುದುಂಟು. ಕಚೇರಿಯ ಮಾತಿಗೆ ಬಂದರೆ ‘ಎತ್ತಂಗಡಿ’. ಸಂತೆಯ ಅಂಗಡಿಯನ್ನು ಎತ್ತಿಕೊಂಡು ಹೋಗುವವನಿಗೂ ಪಾಳೆಯ ಕಿತ್ತು ಹೊರಡುವ ಸಿಪಾಯಿಗೂ ಎಷ್ಟು ಸಾಮ್ಯ!

ಆದರೆ ಎತ್ತಂಗಡಿಯಾದವರ ಊರು ಬದಲಾಗುತ್ತದೆಯೇ ಹೊರತು ಕೆಲಸ ಹೋಗುವುದಿಲ್ಲ. ಅದು ವರ್ಗಾವಣೆ, ವಜಾ ಅಲ್ಲ. ಇದು ಬರಿಯ ಶಬ್ದದ ಜಗಳವೆಂದು ವಾಚಕರು ಭಾವಿಸಬಾರದು. ನಮ್ಮ ಸಂವಿಧಾನದ 310ನೆಯ ಅನುಚ್ಛೇದವು ಸರ್ಕಾರಿ ನೌಕರರ ಅಧಿಕಾರಾವಧಿಯನ್ನು ರಾಷ್ಟ್ರಪತಿಗಳ ಅಥವಾ ರಾಜ್ಯಪಾಲರ ಇಚ್ಛೆಗೆ ಬಿಟ್ಟಿದೆ. ಮರುಗಳಿಗೆಯಲ್ಲೇ 311ನೆಯದು ಆ ಇಚ್ಛೆಗೆ ಕಡಿವಾಣ ಹಾಕುತ್ತದೆ. ನೇಮಿಸಿದ ಅಧಿಕಾರಿಗಿಂತ ಕೆಳಗಿನವರು ನೌಕರನನ್ನು ವಜಾ ಮಾಡುವಂತಿಲ್ಲ. ಕೆಲವು ವಿಶೇಷ ಸಂದರ್ಭಗಳನ್ನು ಬಿಟ್ಟರೆ, ಆರೋಪ ತಿಳಿಸಿ, ವಿಚಾರಣೆ ನಡೆಸಿ, ಅವನ ಮಾತನ್ನು ಕೇಳಲೇಬೇಕು. ವರ್ಗಾವಣೆಗೆ ಈ ಕಟ್ಟಿಲ್ಲ. ಮುನಿದವರ ಕೈ ಮೊದಲು ಅತ್ತ ಹೋಗುವುದು ಸಹಜವೇ. ಹೀಗಿರುವಾಗ ಇಂಗ್ಲೆಂಡಿನ ಅರ್ಥವನ್ನು ನಂಬಿ ಇಲ್ಲಿಯ ಗುಮಾಸ್ತರೊಬ್ಬರನ್ನು ‘ವಜಾ’ ಎಂದು ಬರೆದರೆ, ಬದುಕಿರುವ ಸಂಬಳವನ್ನು ಅನುವಾದಕನೇ ಕೊಂದಂತಾಗುತ್ತದೆ.

ಸ್ನೇಹಿತರು ಪಾಠದ ಮುಂದಿನ ವಾಕ್ಯವನ್ನು ಓದಿಸಿದರು. ಆ ಅಧಿಕಾರಿ ಬೇರೊಂದು ಜಿಲ್ಲೆಯಲ್ಲಿ ಅಧಿಕಾರ ವಹಿಸಿಕೊಂಡರೆಂದು ಅಲ್ಲಿತ್ತು. ‘ಹಾಗಾದರೆ ಎತ್ತಂಗಡಿ ಅನ್ನಿ, ಸಾರ್’ ಎಂದನಂತೆ ಹುಡುಗ. ತಂದೆಯ ವರ್ಗಾವಣೆಗಳಿಂದಾಗಿ ಅವನು ಆಗಲೇ ಮೂರು ಊರಿನ ಶಾಲೆಗಳನ್ನು ಕಂಡಿದ್ದ.