ಗೋಡೆಯ ತೇವ: ನಿದಾನ ಮತ್ತು ಚಿಕಿತ್ಸೆ

ಮಳೆಗಾಲದಲ್ಲಿ ಮಲೆನಾಡಿನ ಮನೆಗಳ ಒಳಗೋಡೆಗಳು ಒದ್ದೆಯಾಗಿ ಬೂಷ್ಟು ಹಿಡಿಯುವುದುಂಟು. ಉಬ್ಬಸವಿರುವವರಿಗೆ ಇದರಿಂದ ಉಪದ್ರವ ಹೆಚ್ಚು. ಬಹುಮಂದಿ ಕೂಡಲೇ ಸಿಮೆಂಟು ಗಾರೆ ಮಾಡಿಸುತ್ತಾರೆ. ಇದು ರೋಗವನ್ನರಿಯದೆ ಕೊಟ್ಟ ಮದ್ದು. ನೀರು ಎಲ್ಲಿಂದ ಬಂತೆಂಬುದನ್ನು ಮೊದಲು ತಿಳಿಯಬೇಕು.

ನೀರಿನ ಮೂಲಗಳು ಮುಖ್ಯವಾಗಿ ಮೂರು. ಬತ್ತಿಯಲ್ಲಿ ಎಣ್ಣೆ ಏರುವಂತೆ ನೆಲದ ನೀರು ಇಟ್ಟಿಗೆಯ ಸೂಕ್ಷ್ಮರಂಧ್ರಗಳಲ್ಲಿ ಏರುತ್ತದೆ. ಇದರ ಕಲೆ ಸಾಮಾನ್ಯವಾಗಿ 3-4 ಅಡಿಯೊಳಗೆ ನಿಂತು, ಒಣಗಿದಾಗ ಬಿಳಿಯ ಉಪ್ಪನ್ನು ಬಿಡುತ್ತದೆ. ಒಡೆದ ಹೆಂಚು, ಬಿರುಕುಗಳಿಂದ ಇಳಿದ ನೀರಿನ ಕಲೆ ಮಳೆ ಬಂದಾಗಲೆಲ್ಲ ಹಿಗ್ಗುತ್ತದೆ. ಮೂರನೆಯದು, ಅಡಿಗೆಮನೆ ಬಚ್ಚಲುಗಳ ಆವಿ ತಣ್ಣನೆಯ ಗೋಡೆಗೆ ತಾಗಿ ನೀರಾಗುವುದು. ಇದಕ್ಕೊಂದು ಸುಲಭ ಪರೀಕ್ಷೆಯಿದೆ. ಅಂಗೈಯಗಲದ ಅಲ್ಯೂಮಿನಿಯಂ ಹಾಳೆಯ ನಾಲ್ಕು ಅಂಚನ್ನೂ ಗೋಡೆಗೆ ಅಂಟಿಸಿ, ಎರಡು ದಿನ ಬಿಟ್ಟು ನೋಡಿರಿ. ಹಾಳೆಯ ಹೊರಮೈ ಒದ್ದೆಯಾಗಿದ್ದರೆ ಆವಿ ಕಾರಣ. ಒಳಮೈ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿನದು.

ಆವಿ ಹೊರಹೋಗಲು ಗವಾಕ್ಷಿ ಬೇಕು. ಸೋರಿಕೆಗೆ ದುರಸ್ತಿ ಬೇಕು. ನೆಲದ ತೇವಕ್ಕೆ ಗೋಡೆಯ ಬುಡದ ಮಣ್ಣನ್ನು ತಗ್ಗಿಸಿ ಚರಂಡಿ ತೋಡಬೇಕು. ಹೊಸ ಮನೆಯಾದರೆ ತಳಪಾಯದ ಮೇಲೆ ಜಲನಿರೋಧಕ ಪದರ ಹಾಕಿಸಬೇಕು. ಹಳೆಯ ಗೋಡೆಗೆ ಸುಣ್ಣದ ಗಾರೆಯೇ ಲೇಸು. ಅದು ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ಹಿಡಿದಿಟ್ಟು ಇನ್ನಷ್ಟು ಮೇಲಕ್ಕೆ ದೂಡುತ್ತದೆ. ಕಲೆಯನ್ನು ಮುಚ್ಚುವುದು ಸುಲಭ. ನೀರಿನ ಮೂಲವನ್ನು ತಡೆದಲ್ಲದೆ ಗೋಡೆ ಒಣಗದು.